ಖಾಲಿ ಸೀಸೆಯ ತೂಕ

ತಲೆಯಲ್ಲಿ ಗಡ್ಡೆಯಿದೆ ಎಂದು ಡಾಕ್ಟರು ಹೇಳಿದಾಗ ದಾಕ್ಷಾಯಣಿ ವಾರಸ್ಯಾರಿಗೆ ಮೊದಲು ಆದದ್ದು ಸಮಾಧಾನ. ಹೊರಗೆ ಹೇಳಿದರೆ ಜನ ಹುಚ್ಚಿ ಎಂದಾರೆಂದು ಅವಳು ಯಾರ ಮುಂದೆಯೂ ಬಾಯಿಬಿಡಲಿಲ್ಲ. ಆದರೆ ವಿಷಯ ಇಷ್ಟೇ: ಹಿಂದಿನ ತಿಂಗಳು ಇರಿಂಜಾಲಕುಡದ ಅಕ್ಷರಶ್ಲೋಕದ ಸದಸ್ಸಿನಲ್ಲಿ, ತುಂಬಿದ ಸಭೆಯ ಎದುರು, ಶ್ಲೋಕದ ನಡುವೆ ಅವಳ ನಾಲಿಗೆ ನಿಂತುಹೋಗಿತ್ತು. ಆ ಆಟದಲ್ಲಿ ದಾಕ್ಷಿಣ್ಯವಿಲ್ಲ. ಒಬ್ಬರು ಹೇಳಿದ ಶ್ಲೋಕದ ಮೂರನೆಯ ಸಾಲು ಯಾವ ಅಕ್ಷರದಿಂದ ಶುರುವಾಗುತ್ತದೋ ಅದೇ ಅಕ್ಷರದಿಂದ ಮುಂದಿನವರು ಇನ್ನೊಂದು ಶ್ಲೋಕ ಎತ್ತಬೇಕು. ತಡವರಿಸಿದರೆ ಎದ್ದು ಹೋಗಬೇಕು. ದಾಕ್ಷಾಯಣಿ ಎದ್ದು ಬಂದಿದ್ದಳು. ಎದುರು ಕೂತಿದ್ದ ನಂಬೂದಿರಿ ಮೀಸೆಯಡಿಯಲ್ಲೇ ನಕ್ಕದ್ದನ್ನು ಅವಳು ನೋಡಿದ್ದಳು. ವಯಸ್ಸಾಯಿತು, ಮರೆವು ಹತ್ತಿತು ಎಂಬ ಕೊರಗಿನಲ್ಲಿ ಅಂದಿನಿಂದ ಊಟ ಸೇರುತ್ತಿರಲಿಲ್ಲ. ಈಗ ಗೊತ್ತಾಯಿತು, ಮರೆವಲ್ಲ, ಗಡ್ಡೆ. ಹಾಗಾದರೆ ಸೋತದ್ದು ತಾನಲ್ಲ.

ಸಮಾಧಾನ ಆಸ್ಪತ್ರೆಯ ಮೆಟ್ಟಿಲು ಇಳಿಯುವವರೆಗೂ ಉಳಿಯಲಿಲ್ಲ. ಗಡ್ಡೆ ಕೂತದ್ದು ಎಡಗಡೆ, ಸಾಮಾನ್ಯವಾಗಿ ಎಲ್ಲರ ತಲೆಯಲ್ಲೂ ಮಾತು ವಾಸ ಮಾಡುವ ಕೇರಿಯಲ್ಲಿ. ತೆಗೆಯದಿದ್ದರೆ ಬೆಳೆಯುತ್ತದೆ; ತೆಗೆಯಲು ಹೋದರೆ ಮಾತನ್ನೂ ಕಿತ್ತುಕೊಂಡು ಬಂದೀತು. ಒಂದೇ ಒಂದು ಆಸೆಯಿತ್ತು. ದಾಕ್ಷಾಯಣಿ ಎಡಚಿ. ಕೆಲವು ಎಡಚರಿಗೆ ಮಾತು ಬಲಗಡೆ ಇರುತ್ತದೆ ಎಂದು ಎರ್ಣಾಕುಳಂನ ದೊಡ್ಡ ಡಾಕ್ಟರು ಹಂಸ ಕೋಯ ಹೇಳಿದರು. ಎಲ್ಲಿದೆ ಎಂದು ಮೊದಲು ನೋಡೋಣ, ಆಮೇಲೆ ಕತ್ತಿ ಹಿಡಿಯೋಣ ಎಂದರು. ನೋಡಲು ಒಂದು ದಾರಿಯಿದೆ. ಎಂಆರ್‌ಐ ಯಂತ್ರದೊಳಗೆ ಮಲಗಿಸಿ, ಕೆಲಸ ಕೊಟ್ಟು, ಕೆಲಸ ಮಾಡುತ್ತಿರುವ ಮೆದುಳಿನ ಚಿತ್ರ ತೆಗೆಯುವುದು.

ಕೆಲಸ ಕೊಡುವವಳು ಸೆಲಿನ್ ಪೌಲೋಸ್, ಮನಶ್ಶಾಸ್ತ್ರದ ಡಾಕ್ಟರು, ಕುರಿಯಚ್ಚಿರದ ಹುಡುಗಿ. ತ್ರಿಶೂರಿನವಳೆಂದು ಗೊತ್ತಾದ ಕೂಡಲೇ ದಾಕ್ಷಾಯಣಿ ಅವಳನ್ನು ಮೋಳೆ ಎಂದು ಕರೆಯತೊಡಗಿದಳು. ಮಗಳೇ ಎಂದು ಕರೆದರೆ ಅರ್ಧ ಹೆದರಿಕೆ ಹೋಗುತ್ತದೆಂಬ ಲೆಕ್ಕ. ಸೆಲಿನ್ ತಾಳ್ಮೆಯಿಂದ ವಿವರಿಸಿದಳು. ಕಣ್ಣೆದುರಿನ ಕನ್ನಡಿಯಲ್ಲಿ ಒಂದು ಅಕ್ಷರ ಕಾಣುತ್ತದೆ. ಆ ಅಕ್ಷರದಿಂದ ಶುರುವಾಗುವ ಪದಗಳನ್ನು, ತುಟಿ ಅಲ್ಲಾಡಿಸದೆ, ಮನಸ್ಸಿನಲ್ಲೇ ಹೇಳಿಕೊಳ್ಳುತ್ತಾ ಹೋಗಬೇಕು. ಸ್ವಲ್ಪ ಹೊತ್ತಾದ ಮೇಲೆ ಅಕ್ಷರ ಹೋಗಿ ಕೂಡಿಸುವ ಗುರುತು ಬರುತ್ತದೆ. ಆಗ ಏನನ್ನೂ ಯೋಚಿಸದೆ ಸುಮ್ಮನೆ ಆ ಗುರುತನ್ನು ನೋಡುತ್ತಾ ಇರಬೇಕು. ಮತ್ತೆ ಅಕ್ಷರ, ಮತ್ತೆ ಗುರುತು.

ಅಕ್ಷರ ಕೊಟ್ಟು ಪದ ಕೇಳುವುದು ಬೇರೆಯವರ ಹತ್ತಿರ ಸರಿ. ನಾಲ್ಕು ವರ್ಷದ ಮಗುವಾಗಿದ್ದಾಗಿನಿಂದ ಅಪ್ಪನ ತೊಡೆಯ ಮೇಲೆ ಕೂತು ಅಕ್ಷರಕ್ಕೆ ಶ್ಲೋಕ ಎತ್ತಿದವಳ ಹತ್ತಿರ ಕೇಳಬಾರದು. ಯಂತ್ರ ಬಡಿಗನ ಅಂಗಡಿಯ ಹಾಗೆ ಸದ್ದು ಮಾಡತೊಡಗಿತು. ಕನ್ನಡಿಯಲ್ಲಿ ‘ಪ’ ಬಂತು. ಪಾತ್ರೆಯೂ ಬರಲಿಲ್ಲ, ಪಲ್ಯವೂ ಬರಲಿಲ್ಲ. ಕರೆದ ಹಸುವಿನಂತೆ ಒಂದು ಶ್ಲೋಕ ಎದ್ದು ಬಂತು. ಅದು ಎರಡನೆಯ ಸಾಲಿನಲ್ಲಿದ್ದಾಗ ಕೂಡಿಸುವ ಗುರುತು ಬಂತು. ಶ್ಲೋಕವನ್ನು ನಡುವೆ ಬಿಡುವುದುಂಟೇ? ಮುಗಿಸಿದಳು. ಮೂರನೆಯ ಸಾಲಿನ ಅಕ್ಷರ ಆಗಲೇ ಇನ್ನೊಂದು ಶ್ಲೋಕದ ಕೈಹಿಡಿದು ಎಳೆದಿತ್ತು. ಅದನ್ನೂ ಹೇಳಿದಳು. ಗುರುತು ಬರುತ್ತಿತ್ತು, ಹೋಗುತ್ತಿತ್ತು, ಅವಳು ನಿಲ್ಲಲಿಲ್ಲ.

ನಿಲ್ಲದೇ ಇದ್ದುದಕ್ಕೆ ಅಭ್ಯಾಸವೊಂದೇ ಕಾರಣವಲ್ಲ. ಯಂತ್ರದೊಳಗೆ ಹೋಗುವ ಮೊದಲು ಹೊರಗಿನ ಕುರ್ಚಿಯಲ್ಲಿ ಸೆಲಿನ್ ಅಭ್ಯಾಸ ಮಾಡಿಸಿದಾಗ ದಾಕ್ಷಾಯಣಿ ಒಂದು ಗಳಿಗೆ ನಿಜವಾಗಿಯೂ ಸುಮ್ಮನಿದ್ದು ನೋಡಿದ್ದಳು. ಆ ಒಂದು ಗಳಿಗೆಯಲ್ಲಿ ಮನಸ್ಸಿನೊಳಗೆ ಏನೋ ಬಾಗಿಲು ತಳ್ಳಿದಂತಾಗಿತ್ತು. ಅದರ ಮುಖ ನೋಡುವ ಧೈರ್ಯ ಅವಳಿಗಿರಲಿಲ್ಲ. ಶ್ಲೋಕ ಹೇಳುತ್ತಿರುವಷ್ಟು ಹೊತ್ತು ಅದು ಹೊರಗೇ ಇರುತ್ತಿತ್ತು.

ಹೊರಬಂದಾಗ ಸೆಲಿನ್ ಕೇಳಿದಳು, ಗುರುತು ಬಂದಾಗ ಸುಮ್ಮನಿದ್ದಿರಾ ಎಂದು. ದಾಕ್ಷಾಯಣಿ ಹೂಂ ಎಂದಳು. ಔಷಧಿ ಕುಡಿದೆಯಾ ಎಂದರೆ ಹೂಂ ಎನ್ನುವ ಹಾಗಿನ ಹೂಂ ಅದು. ಕೊಟ್ಟ ಅಕ್ಷರ ಒಂದನ್ನೂ ಬಿಡಲಿಲ್ಲವಲ್ಲ ಎಂದು ಒಳಗೊಳಗೇ ಹೆಮ್ಮೆಯೂ ಆಗಿತ್ತು.

ಚಿತ್ರ ತಯಾರಾದ ಮೇಲೆ ಡಾಕ್ಟರು ಕೋಯ ಅವಳನ್ನೂ ಅವಳ ತಮ್ಮ ಅಚ್ಯುತನ್‌ನನ್ನೂ ಕರೆಸಿದರು. ಅಚ್ಯುತನ್ ವಿದ್ಯುತ್ ಮಂಡಳಿಯಿಂದ ನಿವೃತ್ತನಾದವನು. ಅಕ್ಕನನ್ನು ಓಪ್ಪೋಳ್ ಎಂದು ಕರೆಯುತ್ತಾ, ಬುದ್ಧಿ ಬಂದಾಗಿನಿಂದ ಅವಳ ಎದುರು ಅಕ್ಷರಶ್ಲೋಕದಲ್ಲಿ ಸೋಲುತ್ತಾ ಬಂದವನು. ವಿಧವೆ ಅಕ್ಕ ತ್ರಿಶೂರಿನಲ್ಲಿ ಆಯುರ್ವೇದ ಔಷಧಿ ಅಂಗಡಿ ನೋಡಿಕೊಂಡಿದ್ದರೆ ಅವನು ಎರಡು ಬೀದಿ ಆಚೆ ಇದ್ದ. ದಿನಾ ಸಂಜೆ ಅಂಗಡಿಯ ಬೆಂಚಿನ ಮೇಲೆ ಕೂತು ಸೋತು ಮನೆಗೆ ಹೋಗುತ್ತಿದ್ದ. ಅವರಿಬ್ಬರು ಆರೋಗ್ಯ ಹೇಗಿದೆ ಎಂದು ಒಬ್ಬರನ್ನೊಬ್ಬರು ಕೇಳಿದ್ದನ್ನು ಯಾರೂ ಕೇಳಿಲ್ಲ. ಜಗಳವೂ ಪ್ರೀತಿಯೂ ಶ್ಲೋಕದಲ್ಲೇ ಮುಗಿಯುತ್ತಿತ್ತು.

ಪರದೆಯ ಮೇಲೆ ಬೂದುಬಣ್ಣದ ಮೆದುಳು. ಎಡಗಡೆ ಗಡ್ಡೆ ಬೆಳ್ಳಗೆ ಕಾಣುತ್ತಿತ್ತು, ಅದರ ಸುತ್ತ ಬಣ್ಣವೇ ಇರಲಿಲ್ಲ. ಬಲಗಡೆ ಅಲ್ಲೊಂದು ಇಲ್ಲೊಂದು ಕೇಸರಿ ಚುಕ್ಕೆ. ಡಾಕ್ಟರು ಸಂತೋಷದಲ್ಲಿದ್ದರು. ಮಾತು ಎಡಗಡೆ ಇಲ್ಲ, ಎಡಚಿಯಾದದ್ದು ಒಳ್ಳೆಯದೇ ಆಯಿತು ಎಂದರು. ಪೂರ್ತಿ ನಿದ್ದೆ ಬರಿಸಿ, ಗಡ್ಡೆಯನ್ನು ಬೇರುಸಮೇತ ತೆಗೆಯಬಹುದು. ಹಾಗೆ ತೆಗೆದರೆ ಬಹಳ ವರ್ಷ ಅದು ತಲೆ ಎತ್ತಲಾರದು. ಗೋಡೆಗೆ ಒರಗಿ ನಿಂತಿದ್ದ ಸೆಲಿನ್, ಎರಡೂ ಕಡೆ ಬಣ್ಣ ತೀರಾ ಕಡಿಮೆ ಬಂದಿದೆ, ಇನ್ನೊಮ್ಮೆ ತೆಗೆಯಬಾರದೇ ಎಂದಳು. ಡಾಕ್ಟರು ಅದನ್ನು ತಳ್ಳಿಹಾಕಲಿಲ್ಲ. ದಾಕ್ಷಾಯಣಿಯ ಕಡೆಗೇ ತಿರುಗಿ, ಹೇಳಿದ ಹಾಗೆಯೇ ಮಾಡಿದಿರಲ್ಲ ಎಂದು ಕೇಳಿದರು. ಅವಳು ಎರಡನೆಯ ಸಲ ಹೂಂ ಎಂದಳು.

ಈ ಬಣ್ಣ ಹೇಗೆ ಬರುತ್ತದೆ ಎಂದು ಅಚ್ಯುತನ್ ಕೇಳದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತೇನೋ. ಖುಷಿಯಲ್ಲಿದ್ದಾಗ ಅವನಿಗೆ ಎಲ್ಲವೂ ತಿಳಿಯಬೇಕು. ಡಾಕ್ಟರು ಅಂಗಡಿಯವರಿಗೆ ಅಂಗಡಿಯ ಮಾತಿನಲ್ಲೇ ಹೇಳಿದರು.

“ಸೀಸೆಲಿ ಕಷಾಯ ಎಷ್ಟಿದೆ ಅಂತ ಹೇಗೆ ತೂಗ್ತೀರಿ ಅಮ್ಮ? ತುಂಬಿದ ಸೀಸೆ ತೂಗಿ, ಅದರಲ್ಲಿ ಖಾಲಿ ಸೀಸೆ ತೂಕ ಕಳೀತೀರಲ್ವಾ? ಇದೂ ಹಾಗೇ. ನೀವು ಪದ ಯೋಚಿಸ್ತಿದ್ದಾಗ ಒಂದು ಚಿತ್ರ. ಸುಮ್ನಿದ್ದಾಗ ಒಂದು. ಇದರಲ್ಲಿ ಅದನ್ನ ಕಳೆದರೆ ಉಳಿಯೋದೇ ಮಾತು.”

ದಾಕ್ಷಾಯಣಿ ಮತ್ತೆ ಪರದೆಯ ಕಡೆ ತಿರುಗಿದಳು. ತಾನು ಖಾಲಿ ಸೀಸೆ ಕೊಟ್ಟೇ ಇರಲಿಲ್ಲ. ತುಂಬಿದ್ದರಲ್ಲಿ ತುಂಬಿದ್ದನ್ನು ಕಳೆದರೆ ಏನು ಉಳಿದೀತು? ಎಡಗಡೆ ಬಣ್ಣವಿಲ್ಲದ್ದು ಮಾತು ಇಲ್ಲದ್ದಕ್ಕಲ್ಲ, ಅದು ಒಂದು ಗಳಿಗೆಯೂ ಬಾಯಿ ಮುಚ್ಚದ್ದಕ್ಕೆ. ಹೇಳಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಅಚ್ಯುತನ್ ಡಾಕ್ಟರ ಎರಡೂ ಕೈ ಹಿಡಿದುಕೊಂಡಿದ್ದ, ಅವನ ಕಣ್ಣು ತುಂಬಿತ್ತು. ಅವಳು ಬಾಯಿ ಮುಚ್ಚಿದಳು.

ಕ್ಯಾಂಟೀನಿನಲ್ಲಿ ಅಚ್ಯುತನ್ ಎರಡು ಚಹಾ, ಒಂದು ತಟ್ಟೆ ಪಳಂಪೊರಿ ತಂದಿಟ್ಟು ಹೆಂಡತಿಗೆ ಫೋನು ಮಾಡಿದ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು ಎಂದು ಅವಳಿಗೂ ಹೇಳಿದ, ಪಕ್ಕದ ಮೇಜಿನವರಿಗೂ ಹೇಳಿದ. ವೃಶ್ಚಿಕ ಮಾಸದ ಸದಸ್ಸಿಗೆ ಈಗಲೇ ಹೆಸರು ಕೊಡುತ್ತೇನೆ, ಆ ನಂಬೂದಿರಿಯ ಮೀಸೆ ಇಳಿಸಬೇಕು ಎಂದ. ದಾಕ್ಷಾಯಣಿ ಬಾಳೆಹಣ್ಣಿನ ಬಜ್ಜಿಯನ್ನು ಮುರಿದು ತಟ್ಟೆಯಲ್ಲೇ ಬಿಟ್ಟಳು.

“ಅಚ್ಯುತಾ, ನಾನು ಸುಮ್ನಿರಲಿಲ್ಲ ಕಣೋ,” ಎಂದಳು.

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅವಳು ಸೀಸೆಯ ಲೆಕ್ಕ ಮತ್ತೆ ಹೇಳಿದಳು. ಅರ್ಥವಾದ ಮೇಲೆ ಅವನು ಚಹಾದ ಲೋಟ ಪಕ್ಕಕ್ಕಿಟ್ಟು ದನಿ ತಗ್ಗಿಸಿದ.

“ಬಾಯಿ ಮುಚ್ಕೊಂಡಿರು ಓಪ್ಪೋಳೆ. ಪೂರ್ತಿ ತೆಗೀತೀನಿ ಅಂತ ಅವರೇ ಹೇಳ್ತಿರುವಾಗ ನಿಂದೇನು ಅಡ್ಡಗಾಲು? ಬಲಗಡೆ ಬಣ್ಣ ಬಂದಿದೆ ತಾನೇ?”

“ಎಡಗಡೆ ಇದ್ರೆ? ಮಾತು ಹೋಗುತ್ತಲ್ಲೋ.”

“ಹೋಗ್ಲಿ.”

“ಶ್ಲೋಕ?”

“ಹಾಳಾಗಿ ಹೋಗ್ಲಿ ಶ್ಲೋಕ. ನೀನು ಆ ಬೆಂಚಿನ ಮೇಲೆ ಮೂಕಿ ಹಾಗೆ ಕೂತಿದ್ರೂ ಸಾಕು. ಇರು, ಅಷ್ಟೇ. ನಂಗಿನ್ಯಾರಿದ್ದಾರೆ?”

ಹೆಂಡತಿ, ಇಬ್ಬರು ಮಕ್ಕಳು, ಒಂದು ಮೊಮ್ಮಗು ಇರುವವನ ಮಾತಿದು. ದಾಕ್ಷಾಯಣಿ ತಮ್ಮನ ಮುಖ ನೋಡಿದಳು. ಇಷ್ಟು ವರ್ಷ ಇವನು ಸಂಜೆ ಸಂಜೆ ಬಂದದ್ದು ಶ್ಲೋಕಕ್ಕಲ್ಲ ಎಂಬುದು ಅವಳಿಗೆ ಆಗ ಹೊಳೆಯಿತು. ಅವಳಿಗೂ ಬದುಕುವ ಆಸೆ ಕಡಿಮೆಯೇನಿರಲಿಲ್ಲ. ತಾಯಿ ತೊಂಬತ್ತು ದಾಟುವವರೆಗೂ ಬದುಕಿದ್ದವಳು; ತನಗಿನ್ನೂ ಅರವತ್ತೆರಡು. ಆಯಿತು, ಸುಮ್ಮನಿರುತ್ತೇನೆ ಎಂದಳು. ಡಾಕ್ಟರೇ ನಂಬಿದ ಮೇಲೆ ತನ್ನದೇನು?

ಮರುದಿನ ಮಧ್ಯಾಹ್ನ ಊಟ ಮುಗಿಸಿ ಅಚ್ಯುತನ್ ಔಷಧಿ ತರಲು ಹೋಗಿದ್ದಾಗ ಅವಳು ಮಂಚದ ಮೇಲೆ ಮಲಗಿ ಸೂರು ನೋಡಿದಳು. ಮೂಕಿಯಾದರೆ ಹೇಗಿರುತ್ತದೆ, ನೋಡೇಬಿಡೋಣ ಎಂದುಕೊಂಡಳು. ಶ್ಲೋಕ ಬಂದರೆ ತಳ್ಳಿದಳು. ಇನ್ನೊಂದು ಬಂತು, ಅದನ್ನೂ ತಳ್ಳಿದಳು. ತಳ್ಳಿ ತಳ್ಳಿ ಬೆವರು ಬಂತು. ಕೊನೆಗೊಮ್ಮೆ ಒಳಗೆ ಜಾಗ ಖಾಲಿಯಾಯಿತು. ಅಂದು ಬಾಗಿಲು ತಳ್ಳಿದ್ದು ಮೆಲ್ಲನೆ ಒಳಗೆ ಬಂದು ಕೂತಿತು. ಅದು ಭೂತವಲ್ಲ, ಪಿಶಾಚಿಯಲ್ಲ. ಒಂದು ಸಣ್ಣ ವಾಕ್ಯ. ನನಗೆ ಹೆದರಿಕೆಯಾಗುತ್ತಿದೆ.

ಅವಳು ಆ ವಾಕ್ಯವನ್ನು ತಿರುಗಿಸಿ ನೋಡಿದಳು. ಅದಕ್ಕೆ ಛಂದಸ್ಸಿರಲಿಲ್ಲ. ಯಾವ ಕವಿಯದೂ ಅಲ್ಲ, ಅವಳದೇ. ಗಂಡ ಸತ್ತಾಗಲೂ ಅವಳು ಅದನ್ನು ಯಾರಿಗೂ ಹೇಳಿರಲಿಲ್ಲ, ಎರಡು ಶ್ಲೋಕ ಹೇಳಿಕೊಂಡು ಅಂಗಡಿ ತೆರೆದಿದ್ದಳು. ಅದರ ಹಿಂದೆಯೇ ಇನ್ನೂ ಕೆಲವು ಬಂದವು. ಅಚ್ಯುತನ್‌ಗೆ ಹೇಳಬೇಕಾದದ್ದೊಂದಿತ್ತು, ತಾಯಿಗೆ ಹೇಳದೇ ಉಳಿದದ್ದೊಂದಿತ್ತು. ಶ್ಲೋಕಗಳು ಹೋದರೆ ಹೋಗಲಿ, ಅವು ಊರಿನ ಸೊತ್ತು, ನಂಬೂದಿರಿಯ ಬಾಯಲ್ಲಾದರೂ ಉಳಿಯುತ್ತವೆ. ಆದರೆ ಇವೂ ಅದೇ ಕೇರಿಯಲ್ಲಿ ಇದ್ದವು. ಇವನ್ನು ಇನ್ನೂ ಒಮ್ಮೆಯೂ ಆಡಿರಲಿಲ್ಲ. ಡಾಕ್ಟರು ಸುಳ್ಳು ನಕ್ಷೆ ಹಿಡಿದು ಬಂದು ಇವನ್ನು ಕಸದ ಜತೆ ತೆಗೆದುಹಾಕುವವರಿದ್ದರು, ಅದೂ ತನ್ನದೇ ಹೂಂ ನಂಬಿಕೊಂಡು.

ಅವಳು ಎದ್ದು ಸೀರೆ ಸರಿಮಾಡಿಕೊಂಡು ಸೆಲಿನ್‌ಳ ಕೋಣೆಗೆ ಹೋದಳು.

“ಮೋಳೆ, ನಾನು ಸುಳ್ಳು ಹೇಳಿದೆ,” ಎಂದಳು. “ಎರಡು ಸಲ.”

ಸೆಲಿನ್ ಬೈಯಲಿಲ್ಲ. ಪೂರ್ತಿ ಕೇಳಿ, ಕುರ್ಚಿಗೆ ಒರಗಿ ದೊಡ್ಡ ಉಸಿರು ಬಿಟ್ಟಳು. ಆ ಚಿತ್ರ ನೋಡಿದಾಗಿನಿಂದ ಅವಳಿಗೂ ಸಮಾಧಾನವಿರಲಿಲ್ಲವಂತೆ. ವಿಷಯ ತಿಳಿದು ಕೋಯ ಮಾತ್ರ ಕೆಂಡವಾದರು. ನಾಡಿದ್ದು ಇವರನ್ನು ಮಲಗಿಸಿ ಕತ್ತಿ ಹಾಕುತ್ತಿದ್ದೆನಲ್ಲ ಎಂದು ಎರಡು ಸಲ ಹೇಳಿದರು. ಎರಡನೆಯ ಸಲ ದನಿ ಇಳಿದಿತ್ತು. ಕನ್ನಡಕ ತೆಗೆದು, ಹುಡುಗಿ ಹೇಳಿದಾಗ ನಾನು ಕೇಳಬೇಕಿತ್ತು ಎಂದರು. ಹಾಗೆ ಒಪ್ಪಿಕೊಳ್ಳುವ ಡಾಕ್ಟರನ್ನು ದಾಕ್ಷಾಯಣಿ ಅದೇ ಮೊದಲು ನೋಡಿದ್ದು.

ಎರಡನೆಯ ಪರೀಕ್ಷೆಗೆ ಸೆಲಿನ್ ಅಕ್ಷರವನ್ನು ತೆಗೆದೇಹಾಕಿದಳು. ಚಿತ್ರ ತೋರಿಸುತ್ತೇನೆ, ಅದರ ಬಗ್ಗೆ ನಿಮ್ಮದೇ ಮಾತಿನಲ್ಲಿ ಮನಸ್ಸಿನೊಳಗೆ ಹೇಳಿಕೊಳ್ಳಿ. ನಡುನಡುವೆ ಗೀಚಿದ ಗೆರೆಗಳು ಬರುತ್ತವೆ, ಆಗ ಗುಂಡಿ ಒತ್ತುವುದಷ್ಟೇ ಕೆಲಸ ಎಂದಳು. ಆದರೆ ನಿಲ್ಲುವುದನ್ನು ಮಾತ್ರ ಕಲಿಯಲೇಬೇಕಿತ್ತು. ಶ್ಲೋಕ ಶುರುವಾದರೂ ನಡುವೆ ಕಡಿದು ಬಿಡುವುದನ್ನು. ಅದಕ್ಕೆ ಅಚ್ಯುತನ್‌ನನ್ನು ಕರೆಸಿದಳು. ನೀವಿಬ್ಬರೂ ಆಡಿ, ನಾನು ಕೈ ಎತ್ತಿದ ಕೂಡಲೇ ಅಮ್ಮ ನಿಲ್ಲಿಸಬೇಕು ಎಂದಳು.

ಅಚ್ಯುತನ್ ಮುಖ ಊದಿಸಿಕೊಂಡು ಬಂದ. ಅಷ್ಟು ವರ್ಷದ ಆಯುಸ್ಸನ್ನು ಕೈಯಾರೆ ಚೆಲ್ಲಿದವಳ ಹತ್ತಿರ ಅವನು ಮಾತು ಬಿಟ್ಟಿದ್ದ. ಒಂದು ಶ್ಲೋಕವನ್ನು ಅವಳ ಮುಖಕ್ಕೆ ಎಸೆಯುವ ಹಾಗೆ ಹೇಳಿದ. ದಾಕ್ಷಾಯಣಿ ಉತ್ತರ ಎತ್ತಿದಳು. ಸೆಲಿನ್ ಕೈ ಎತ್ತಿದಳು. ದಾಕ್ಷಾಯಣಿ ನಿಂತಳು. ಅರ್ಧ ತೆರೆದ ಬಾಯಿ, ನಾಲಿಗೆಯ ತುದಿಯಲ್ಲಿ ಮುಂದಿನ ಪದ. ಒಲೆಯ ಮೇಲಿನ ಹಾಲು ಉಕ್ಕುವುದನ್ನು ನೋಡಿಯೂ ಇಳಿಸದೆ ಕೂತಷ್ಟು ಕಷ್ಟವಾಯಿತು. ಅಚ್ಯುತನ್ ಅವಳನ್ನು ನೋಡಿದ. ಸೋತ ದಿನ ಸಭೆಯಲ್ಲಿ ಕಂಡದ್ದೂ ಇದೇ ಮುಖ. ಆಗ ಅವನು ಮುಂದಿನ ಸಾಲಿನಲ್ಲೇ ಕೂತಿದ್ದ. ಅವನ ಸಿಟ್ಟು ಅಲ್ಲಿಗೇ ಇಳಿಯಿತು. ಮುಂದಿನ ಸಲ ಅವನು ಮೆತ್ತಗೆ ಹೇಳಿದ. ಸಂಜೆಯ ಹೊತ್ತಿಗೆ ದಾಕ್ಷಾಯಣಿ, ಮನೆಯ ದೀಪ ಆರಿಸಿದಷ್ಟು ಸಲೀಸಾಗಿ ಅಲ್ಲದಿದ್ದರೂ, ನಿಲ್ಲುವುದನ್ನು ಕಲಿತಳು.

ಹೊಸ ಚಿತ್ರದಲ್ಲಿ ಸಂಶಯಕ್ಕೆ ಜಾಗವಿರಲಿಲ್ಲ. ಎಡಗಡೆ ಕೇಸರಿ ಬಣ್ಣ ಹೊತ್ತಿಕೊಂಡಿತ್ತು, ಗಡ್ಡೆಯ ಒಂದು ಅಂಚಿಗೆ ತಾಗಿಕೊಂಡೇ. ಎಲ್ಲರ ಹಾಗೆ ಎಡಗಡೆಯೇ. ಡಾಕ್ಟರು ಈ ಸಲ ಸೀಸೆಯ ಮಾತು ಆಡಲಿಲ್ಲ. ಚಿತ್ರ ದಾರಿ ತೋರಿಸುತ್ತದೆ, ಆದರೆ ಪೂರ್ತಿ ನಂಬುವ ಹಾಗಿಲ್ಲ. ಎಚ್ಚರವಾಗಿಟ್ಟು, ಮಾತಾಡಿಸುತ್ತಾ ಶಸ್ತ್ರಚಿಕಿತ್ಸೆ ಮಾಡಬೇಕು ಎಂದರು. ಮಾತಿನ ಅಂಚಿಗೆ ಬಂದಾಗ ಎರಡು ದಾರಿಯಿದೆ. ನಿಲ್ಲಿಸಿದರೆ ಸ್ವಲ್ಪ ಗಡ್ಡೆ ಉಳಿಯುತ್ತದೆ. ಕಿರಣ, ಮಾತ್ರೆ ಕೊಟ್ಟರೂ ಅದು ಒಂದು ದಿನ ಮತ್ತೆ ಬೆಳೆಯುತ್ತದೆ. ಮುಂದೆ ಹೋದರೆ ಮಾತು ಉಳಿಯುವ ಭರವಸೆಯಿಲ್ಲ. ಎಷ್ಟು ವರ್ಷದ ವ್ಯತ್ಯಾಸ ಎಂದು ಅಚ್ಯುತನ್ ಕೇಳಿದ. ಲೆಕ್ಕ ಹೇಳಿದರೆ ಸುಳ್ಳಾಗುತ್ತದೆ, ಆದರೆ ವ್ಯತ್ಯಾಸ ಇದ್ದೇ ಇದೆ ಎಂದರು ಕೋಯ.

ಅಚ್ಯುತನ್ ಅಕ್ಕನ ಕಡೆ ನೋಡಿದ. ಅವನು ಹೇಳಬೇಕಾದದ್ದನ್ನು ಕ್ಯಾಂಟೀನಿನಲ್ಲೇ ಹೇಳಿಯಾಗಿತ್ತು.

“ನಂಗೆ ಹೆದರಿಕೆ ಆಗ್ತಿದೆ ಅಚ್ಯುತಾ,” ಎಂದಳು ದಾಕ್ಷಾಯಣಿ. “ತುಂಬಾ ಹೆದರಿಕೆ. ಆದ್ರೆ ಇದನ್ನ ನಿನ್ನ ಹತ್ರ ಹೇಳೋಕಾಗದ ಹಾಗೆ ಬದುಕೋದು ನಂಗೆ ಬೇಡ.” ಆಮೇಲೆ ಡಾಕ್ಟರಿಗೆ, ಅಂಚಿನಲ್ಲಿ ನಿಲ್ಲಿಸಿಬಿಡಿ ಎಂದಳು.

ಶಸ್ತ್ರಚಿಕಿತ್ಸೆಯ ದಿನ ನೀಲಿ ಬಟ್ಟೆಯ ಪರದೆಯ ಈಚೆ ಸೆಲಿನ್ ಒಂದೊಂದೇ ಚಿತ್ರ ಹಿಡಿದಳು. ಶ್ಲೋಕ ಹೇಳಬಾರದೆಂದು ಮೊದಲೇ ಕಟ್ಟಪ್ಪಣೆಯಾಗಿತ್ತು. ಬಾಯಿಪಾಠ ತಾನಾಗಿ ಬರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಕೊಡೆ. ಏಣಿ. ಆನೆ. ದಾಕ್ಷಾಯಣಿ ಹೇಳುತ್ತಾ ಹೋದಳು, ನಡುನಡುವೆ ಸೆಲಿನ್ ಕೇಳಿದಳೆಂದು ಅಂಗಡಿಯ ಸುದ್ದಿ, ನಂಬೂದಿರಿಯ ಮೀಸೆಯ ಸುದ್ದಿ. ಪರದೆಯಾಚೆ ಯಾರೋ ನಕ್ಕರು. ಬಹಳ ಹೊತ್ತಿನ ಮೇಲೆ ಒಂದು ಚಿತ್ರ ಬಂತು. ದಿನಾ ಬೆಳಿಗ್ಗೆ ಅದರಿಂದಲೇ ಕಾಲು ತೊಳೆಯುತ್ತಿದ್ದಳು, ಸೊಂಡಿಲಿರುವ ಹಿತ್ತಾಳೆಯ ಚೊಂಬು. ಹೆಸರು ಬರಲಿಲ್ಲ. ಗೊತ್ತಿತ್ತು, ಬರಲಿಲ್ಲ. ಇಲ್ಲಿಗೆ ಸಾಕು ಎಂದು ಕೋಯ ಹೇಳಿದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಕಿಂಡಿ ಎಂಬ ಪದ ತಾನಾಗಿ ಮರಳಿ ಬಂತು.

ತ್ರಿಶೂರಿಗೆ ಬಂದು, ಕಿರಣದ ಚಿಕಿತ್ಸೆಯೂ ಮುಗಿದು, ಕೂದಲು ಹೊಸದಾಗಿ ಚಿಗುರುತ್ತಿದ್ದಾಗ ದಾಕ್ಷಾಯಣಿ ಮತ್ತೆ ಅಂಗಡಿಗೆ ಬಂದು ಕೂತಳು. ಮಾತು ಮೊದಲಿಗಿಂತ ನಿಧಾನ. ಕೆಲವು ಪದಗಳಿಗೆ ಕಾಯಬೇಕಾಗುತ್ತಿತ್ತು. ಸಂಜೆ ಅಚ್ಯುತನ್ ಬಂದು ಬೆಂಚಿನ ಮೇಲೆ ಕೂತು, ಏನೂ ಆಗದವನಂತೆ ಒಂದು ಶ್ಲೋಕ ಹೇಳಿದ. ಅವಳು ಅದರ ಅಕ್ಷರ ಹಿಡಿದು, ಎರಡು ಕಡೆ ತಡೆದು, ತಪ್ಪಿಲ್ಲದೆ ಉತ್ತರ ಕೊಟ್ಟಳು. ತಡೆದದ್ದಕ್ಕೆ ಅವನು ಆಕ್ಷೇಪ ಎತ್ತಲಿಲ್ಲ. ಈಗ ಅವನ ಸರದಿ. ಅಕ್ಷರ ‘ಮ’. ಅವನು ಹಣೆ ತಿಕ್ಕಿದ, ಬೀದಿ ನೋಡಿದ, ಕೊನೆಗೆ ಹೊಳೆಯುತ್ತಿಲ್ಲ, ಸೋತೆ ಎಂದ.

‘ಮ’ಕ್ಕೆ ಅವನ ಹತ್ತಿರ ನಲವತ್ತಾದರೂ ಶ್ಲೋಕವಿದ್ದವು. ಅವಳೇ ಕಲಿಸಿದ್ದು.

“ಅಚ್ಯುತಾ,” ಎಂದಳು ದಾಕ್ಷಾಯಣಿ. ಮುಂದಿನ ಮಾತಿಗೆ ಸ್ವಲ್ಪ ಕಾಯಬೇಕಾಯಿತು. ಅವನೂ ಕಾದ. “ನಂಗೆ ದಿನ ಕಮ್ಮಿ ಇರಬಹುದು. ಗೊತ್ತು. ನಿಂಗೂ ಗೊತ್ತು. ಅದಕ್ಕೇ ಹೇಳ್ತಿದ್ದೀನಿ. ಇರೋ ದಿನದಲ್ಲಿ ನನ್ನ ಜೊತೆ ಸುಳ್ಳು ಸುಳ್ಳೇ ಆಡ್ಬೇಡ. ಸರಿಯಾಗಿ ಆಡು. ಸೋಲಿಸೋಕಾದ್ರೆ ಸೋಲಿಸು.”

ಬಂದ ಗಿರಾಕಿಯೊಬ್ಬ ಇವರಿಬ್ಬರನ್ನೂ ನೋಡಿ ಆಮೇಲೆ ಬರುತ್ತೇನೆಂದು ಹೋದ. ಕೊನೆಗೆ ಅಚ್ಯುತನ್ ಗಂಟಲು ಸರಿಮಾಡಿಕೊಂಡು ‘ಮ’ದಿಂದ ಒಂದು ಶ್ಲೋಕ ಎತ್ತಿದ, ಕಷ್ಟದ ಶ್ಲೋಕ, ಮೂರನೆಯ ಸಾಲು ‘ಠ’ದಿಂದ ಶುರುವಾಗುವಂಥದ್ದು. ‘ಠ’ಕ್ಕೆ ಶ್ಲೋಕ ಊರಿನಲ್ಲೇ ಎರಡೋ ಮೂರೋ. ಅವಳನ್ನು ಸೋಲಿಸಲೆಂದೇ ಎಷ್ಟೋ ವರ್ಷದಿಂದ ಅದನ್ನು ಕೂಡಿಟ್ಟುಕೊಂಡಿದ್ದನೇನೋ. ಒಂದು ಅಕ್ಷರವನ್ನೂ ಬಿಡದೆ ಹೇಳಿ ಮುಗಿಸಿದ. ಎಲಾ ಕಳ್ಳ ಎಂದು ದಾಕ್ಷಾಯಣಿಗೆ ನಗು ಬಂತು, ಅಳುವೂ ಬಂತು. ಅವಳು ಕಣ್ಣು ಮುಚ್ಚಿ ಹುಡುಕತೊಡಗಿದಳು.